ರಾಟೆಯ ಸದ್ದಿಗೆ ಬಂದ ಪದ

14-7-2025, ಸೋಮವಾರ, ಎಡಪ್ಪಾಡಿ

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಅಮ್ಮನಿಗೆ ಮಾತು ಹೋಗಿದೆ. ನೀರು ಬೇಕಾದರೂ ಕೈಸನ್ನೆಯೇ. ಇವತ್ತು ನೂಲು ಸುತ್ತಲು ನಾನು ರಾಟೆ ತಿರುಗಿಸಿದಾಗ, ಆ ಸದ್ದಿಗೆ ತನ್ನ ಹಳೆಯ ಪದವೊಂದನ್ನು ಒಂದಕ್ಷರ ತಪ್ಪದೆ ಹಾಡಿದಳು. ನಾನು ಅತ್ತುಬಿಟ್ಟೆ. ಅಣ್ಣ ಮಗ್ಗ ನಿಲ್ಲಿಸಿ ಎದ್ದು ಬಂದ.

“ಪದ ಆಡಾಕೆ ಬತ್ತೈತೆ, ನೀರು ಕೇಳಾಕೆ ಬರಾಕಿಲ್ವಾ? ಇಷ್ಟು ದಿನ ಎಲ್ಲಾ ನಾಟ್ಕನೇನಮ್ಮಾ?”

“ಮಂಡೇಲಿ ಮಾತಿನ ಜಾಗ ಬೇರೆ, ಪದದ ಜಾಗ ಬೇರೆ ಅಂತ ಡಾಕ್ಟ್ರು ಯೋಳವ್ರಲ್ಲಣ್ಣ” ಅಂದೆ. ಅವನು ಕೇಳಬೇಕಲ್ಲ.

ಮುಟ್ಠಾಳ. ಅಮ್ಮನಿಗೆ ಹೋಗಿರುವುದು ಮಾತು, ಕಿವಿಯಲ್ಲ.

ಸಂಜೆ ಮತ್ತೆ ರಾಟೆ ತಿರುಗಿಸಿದೆ. ಅವಳ ತುಟಿ ಅದುರಿತು. ಅಣ್ಣನ ಕಡೆ ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.