ಕಲ್ಲು ಬೆಂಚಿನ ಅವಿಭಾಜ್ಯ ಸಂಖ್ಯೆ

ಮಾಲೂರು
೧೪ ಜೂನ್ ೨೦೨೫

ಪ್ರೀತಿಯ ಶಾಮಲಾ,

ಸಲಾಂ. ನಿನ್ನ ಪತ್ರ ಬಂದು ತಿಂಗಳಾಯಿತು, ಯಲ್ದೂರಿನಿಂದ ನೀನು ಕಳಿಸಿದ ಮಾವಿನಹಣ್ಣೂ ಮುಗಿದವು, ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ.

ನಮ್ಮ ಸ್ಕೂಲಿನ ಹೊಂಗೆ ಮರದ ಕೆಳಗೆ ನನ್ನ ಹೆಸರಿನದೊಂದು ಕಲ್ಲು ಬೆಂಚು ಬಂದಿದೆ. ಶಿವಾರಪಟ್ಟಣದ ಶಿಲ್ಪಿ ಆಂಜಿನಪ್ಪ ನನ್ನ ಹಳೇ ವಿದ್ಯಾರ್ಥಿ. ರಿಟೈರಾದ ಮೇಡಂಗೆ ಕಾಣಿಕೆ ಎಂದು ಮಾಡಿಕೊಟ್ಟ. ಹೆಸರಿನ ಜೊತೆ ನನ್ನ ಸಂಖ್ಯೆಯನ್ನೂ ಕೆತ್ತು ಎಂದಿದ್ದೆ. ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆನಲ್ಲ, ಅದೇ: 2147483647. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುವ ಅವಿಭಾಜ್ಯ. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದು. ಇಂಥ ಹಟಮಾರಿ ನಿನಗೇ ಸರಿ ಎಂದು ಸ್ಟಾಫ್ ರೂಮಿನಲ್ಲಿ ನೀನು ರೇಗಿಸುತ್ತಿದ್ದೆ.

ಮೊನ್ನೆ ಬೆಂಚು ಇಳಿಸಿದಾಗ, ಈಗಿನ ಗಣಿತದ ಮೇಷ್ಟ್ರು ಕದಿರೇಶ್ ಮೆತ್ತಗೆ ಹೇಳಿದರು, ಕೊನೆಯಲ್ಲಿ ಏಳರ ಬದಲು ಆರಿದೆ ಎಂದು. ಆಂಜಿನಪ್ಪ ಅಂಕಿಗಳನ್ನೆಲ್ಲ ಕೂಡಿ ನೋಡಿದನಂತೆ, ನಲವತ್ತಾರು ಬಂತಂತೆ. ಒಂದು ಕಮ್ಮಿ ಮಾಡಿದರೆ ನಲವತ್ತೈದು. ನಾಲ್ಕೂ ಐದೂ ಒಂಬತ್ತು. ತನ್ನ ಸ್ಕೂಟರ್ ನಂಬರೂ ಕೂಡಿದರೆ ಒಂಬತ್ತು, ಮೇಡಂಗೂ ಒಳ್ಳೆಯದಾಗಲಿ ಎಂದುಕೊಂಡನಂತೆ. ಕೂಡಿದರೆ ಒಂಬತ್ತು ಬರುವುದೆಲ್ಲ ಒಂಬತ್ತರಿಂದ ಭಾಗವಾಗುತ್ತೆ ಕಣೋ ಎಂದೆ. ಮಕ್ಕಳು ಅಲ್ಲೇ ಕೂತು ಒಡೆದರು: ಎರಡು, ಎರಡು ಸಲ ಮೂರು, ಏಳು, ಹನ್ನೊಂದು, ಹೀಗೆ ಎಂಟು ಚೂರು. ಕೆತ್ತುವ ಮೊದಲು ಒಂದು ಮಾತು ಕೇಳಬಾರದಿತ್ತೇ ಎಂದು ಹೆಡ್‌ಮಾಸ್ಟರು ಎಲ್ಲರೆದುರೇ ಅವನನ್ನು ಬೈದರು. ಅವನು ನನ್ನ ಮುಖ ನೋಡಿ, ತಪ್ಪಾಯ್ತು ಸಾರ್ ಎಂದ.

ಕಲ್ಲಿನಿಂದ ಆರನ್ನು ಅಳಿಸುವುದು ಹೇಗೆ? ದಾರಿಯನ್ನು ಅವನೇ ಹೇಳಿದ.

"ಮೇಡಂ, ಮದ್ವೆ ಮುಯ್ಯಿಗೆ ನೂರರ ಮೇಲೆ ಒಂದು ಇಡ್ತೀವಲ್ಲ, ಹಂಗೇ ಇದಕ್ಕೂ ಒಂದು ಕೂಡ್ಸಿಬಿಡ್ಲಾ?"

ಅಲ್ಲೇ ಉಳಿ ತೆಗೆದು ಪಕ್ಕದಲ್ಲಿ +1 ಎಂದು ಕೆತ್ತಿದ. ಈಗ ನೋಡಿದವರೆಲ್ಲ ಇದೇನು ಎಂದು ಕೇಳುತ್ತಾರೆ, ಮಕ್ಕಳು ಉತ್ಸಾಹದಿಂದ ವಿವರಿಸುತ್ತಾರೆ. ನಾನು ಹೇಳಿದ್ದಕ್ಕಿಂತ ಇದೇ ಚೆನ್ನಾಗಿದೆ. ಮನಸ್ಸು ತುಂಬಿದೆ ಶಾಮಲಾ.

ಮನೆಯವರಿಗೆಲ್ಲ ನನ್ನ ಸಲಾಂ, ಮೊಮ್ಮಗಳಿಗೆ ದುವಾ. ನಿನ್ನ ಮಂಡಿನೋವನ್ನು ಅಲ್ಲಾಹ್ ಬೇಗ ಕಡಿಮೆ ಮಾಡಲಿ.

ನಿನ್ನ
ರಹಮತುನ್ನೀಸಾ

ತಾ.ಕ.: ಯಾರಿಗೂ ಹೇಳದ ಮಾತೊಂದಿದೆ. ನಿನ್ನೆ ಆಂಜಿನಪ್ಪ ಮನೆಗೆ ಬಂದು ಒಂದು ಚೀಟಿ ಕೈಗಿಟ್ಟು ಹೋದ. ಕೆತ್ತುವ ಮೊದಲೇ ಅದನ್ನು ತಂದು, ಕೊನೆಯ ಅಂಕಿ ಬದಲಿಸಿದ್ದನ್ನು ಹೇಳಿ, ನನ್ನನ್ನು ಕೇಳಿದ್ದನಂತೆ. ಆರಿರುವ ಸಂಖ್ಯೆಯ ಕೆಳಗೆ 'ಸರಿಯಿದೆ, ಕೆತ್ತು' ಎಂದು ನನ್ನದೇ ಕೈಬರಹ, ನನ್ನದೇ ಸಹಿ. ಆಗ ಅವನು ಬಂದಿದ್ದೇ ನನಗೆ ನೆನಪಿಲ್ಲ. ಅಷ್ಟು ಜನರೆದುರು ಬೈಸಿಕೊಂಡರೂ ನನ್ನನ್ನು ಬಿಟ್ಟುಕೊಡಲಿಲ್ಲ ಅವನು. ಮೇಲೆ ನಿನಗೆ ಬರೆದ ಸಂಖ್ಯೆಯನ್ನೂ ಹಳೇ ನೋಟ್‌ಬುಕ್ ನೋಡಿ ಬರೆದೆ. ಮಗ ಫರ್ಹಾನನಿಗೆ ಇನ್ನೂ ಹೇಳಿಲ್ಲ. ಭಯವಾಗುತ್ತಿದೆ ಕಣೇ. ಕೋಲಾರದಲ್ಲಿ ಡಾಕ್ಟರನ್ನು ನೋಡಬೇಕು, ಜೊತೆಗೆ ನೀನು ಬಾ.