ತಟ್ಟೆಯಂಚಿನ ಎರಡು ಎಲೆ

ಕಿನೆಶ್ಮಾ
19 ಅಕ್ಟೋಬರ್ 1999, ಮಂಗಳವಾರ

ಪ್ರೀತಿಯ ರೊಡಿಯೋನ್,

‘ಪ್ರೀತಿಯ’ ಎಂಬುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇರಲಿ ಬಿಡು. ಭಾನುವಾರ ನೀನು ಬಂದುಹೋದಾಗಿನಿಂದ ನನ್ನ ಕೈಯಲ್ಲಿ ಒಂದು ಕೆಲಸವೂ ನೆಟ್ಟಗಾಗುತ್ತಿಲ್ಲ. ನಿನ್ನೆ ಗಿರಾಕಿಯೊಬ್ಬನ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿಕೊಟ್ಟೆ. ಪಾಪ, ಆತ ಕುಡಿದೂಬಿಟ್ಟ.

ಗಡ್ಡ ಬಿಟ್ಟ ಮಾತ್ರಕ್ಕೆ ಹೆಂಡತಿಗೆ ಗುರುತು ಸಿಗುವುದಿಲ್ಲ ಅಂದುಕೊಂಡೆಯಾ? ಮೂರು ವರ್ಷದ ಮೇಲೆ ಸ್ವಂತ ಮನೆಗೇ ಹೋಟೆಲಿನ ಮುಂಬಾಗಿಲಿನಿಂದ ಬಂದು, ಒಲೆ ಪಕ್ಕದ ಮೇಜಿಗೆ ಕೂತು, ಊಟಕ್ಕೆ ಏನಿದೆ ಎಂದು ಕೇಳಿದೆ. ನಾನೂ ಬಿಡಲಿಲ್ಲ. “ನಿಮಗೆ ಏನು ಕೊಡಲಿ?” ಎಂದು ಬಹುವಚನದಲ್ಲೇ ಕೇಳಿದೆ. ಹಾಗೇಕೆ ಬಂದೆ ಎಂದು ನನಗೆ ಗೊತ್ತು. ಮಾವನವರು ತೀರಿಕೊಂಡ ಮೇಲೆ, ಹೋಟೆಲು ಮಾರಿ ನಿಜ್ನಿ ನಗರಕ್ಕೆ ಹೋಗೋಣ ಎಂದು ನೀನು ಹಟ ಹಿಡಿದಾಗ ಅತ್ತೆ ಸೌಟು ಎತ್ತಿ ಹೇಳಿದ್ದರಲ್ಲ: “ಹೋಗೋದಾದ್ರೆ ಹೋಗೋ! ಹಸಿವಾದ್ರೆ ಗಿರಾಕಿ ಥರ ಮುಂಬಾಗಿಲಲ್ಲಿ ಬಾ. ನನ್ನ ಅಡುಗೆಮನೆ ಹೊಸಿಲು ಮಾತ್ರ ತುಳೀಬೇಡ!” ತಾಯಿಯಂತೆ ಮಗಳು ಎನ್ನುತ್ತಾರೆ, ಇಲ್ಲಿ ಮಗ. ನೀನು ಒಂದಕ್ಷರ ಬಿಡದೆ ಪಾಲಿಸಿದೆ.

ನಾನು ಒಳಗೆ ಹೋದಾಗ ಅತ್ತೆ, “ಯಾರೇ ಅದು?” ಎಂದರು. ಯಾರೋ ಹಡಗಿನವನು, ಹುಳಿ ಎಲೆಕೋಸಿನ ಸಾರು ಬೇಕಂತೆ ಎಂದೆ. “ಕಪ್ಪು ರೊಟ್ಟಿಗೆ ಸಾಸಿವೆ ಕೇಳಿದ್ನಾ?” ಕೇಳಿದ ಎಂದೆ. ಅವರು ಸಾರು ಬಡಿಸಿ ನನ್ನ ಕೈಗೆ ಕೊಟ್ಟರು.

ಸಾರಿಗೆ ಪರಿಮಳಕ್ಕೆ ಹಾಕಿದ ಒಣ ಎಲೆಯನ್ನು ಅತ್ತೆ ಹೊರಗಿನವರ ತಟ್ಟೆಗೆ ಬೀಳಗೊಡುವುದಿಲ್ಲ, ಎತ್ತಿಹಾಕಿಯೇ ಬಡಿಸುತ್ತಾರೆ. ಎಲೆ ಸಿಗುವುದು ಮನೆಯವರಿಗೆ ಮಾತ್ರ. ಯಾರಿಗೆ ಸಿಕ್ಕಿತೋ ಅವರಿಗೆ ಕಾಗದ ಬರುತ್ತದೆ ಎಂದು ಮಾವನವರು ನಗಿಸುತ್ತಿದ್ದರು, ನೆನಪಿದೆಯಾ? ನಾನು ತಟ್ಟೆ ತೆಗೆಯಲು ಬಂದಾಗ ನೀನು ಅಂಚಿನಲ್ಲಿ ಎರಡು ಎಲೆ ಜೋಡಿಸಿಟ್ಟು ಅವನ್ನೇ ನೋಡುತ್ತಿದ್ದೆ. ಕಣ್ಣು ಒದ್ದೆಯಾಗಿತ್ತು. ಸಾಸಿವೆ ಖಾರ ಎಂದೆ ನೀನು. ಅತ್ತೆಗೆ ವಯಸ್ಸಾಯಿತು, ಕಣ್ತಪ್ಪಿ ಬಿದ್ದಿರಬೇಕು. ಅದಕ್ಕೆ ಇಲ್ಲದ ಅರ್ಥ ಹಚ್ಚಬೇಡ.

ನನಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ. ನೀನು ಕರೆದಾಗ ನಾನು ಬರಲಿಲ್ಲ, ನಿಜ. ಗಂಡನನ್ನು ಮಣ್ಣು ಮಾಡಿ ಬಂದ ಅತ್ತೆಯನ್ನು ಬಿಟ್ಟು ಹೇಗೆ ಬರಲಿ? ಅದಕ್ಕೆ ಮೂರು ವರ್ಷ ಒಂದು ಸಾಲೂ ಬರೆಯದೆ ಇರುವುದೇ? ಗುರುವಾರ ಹಡಗು ಅಸ್ತ್ರಾಖಾನಿಗೆ ಹೊರಡುತ್ತದೆ ಎಂದೆಯಲ್ಲ. ಆಮೇಲೆ ವೋಲ್ಗಾ ಹೆಪ್ಪುಗಟ್ಟುತ್ತದೆ. ವಸಂತದವರೆಗೆ ನೀನೆಲ್ಲೋ, ನಾವೆಲ್ಲೋ. ಹೋಗುವುದಾದರೆ ಹೋಗು. ನಾನಂತೂ ಬಾ ಎಂದು ಕರೆಯುತ್ತಿಲ್ಲ. ಆದರೆ ಬಾಗಿಲ ಗಂಟೆ ಅಲುಗಿದರೆ ಸಾಕು, ಕೈಗೆಲಸ ಬಿಟ್ಟು ಓಡುತ್ತೇನೆ. ಬೆಕ್ಕು ಬಂದರೂ ಎದ್ದು ನೋಡುತ್ತೇನೆ. ಇದೂ ಒಂದು ಬಾಳೇ?

ಈ ಕಾಗದವನ್ನು ನಾಳೆ ನೀನು ಇಳಿದುಕೊಂಡಿರುವ ಬಂದರಿನ ವಸತಿಗೃಹದಲ್ಲಿ ಕೊಟ್ಟು ಬರುತ್ತೇನೆ. ನಿನ್ನನ್ನು ನೋಡಲು ನಿಲ್ಲುವುದಿಲ್ಲ.

ಇನ್ನೂ ನಿನ್ನ ಹೆಂಡತಿಯೇ ಆದ,
ಗ್ಲಾಶಾ

ತಾ.ಕ.: ಅತ್ತೆ ಈಗ ಬಂದು ನನ್ನ ಬೆನ್ನ ಹಿಂದೆ ನಿಂತರು. “ಅವನಿಗೇ ತಾನೆ? ಬರಿ, ಬರಿ. ಎಲೆ ಹಾಕಿದ ಮೇಲೆ ಕಾಗದ ಹೋಗ್ಬೇಕಲ್ವೇನೇ? ಅಡುಗೆಮನೆ ಹಿಂಬಾಗಿಲ ಚಿಲಕ ತೆಗೆದಿದೆ ಅಂತಾನೂ ಬರಿ” ಎಂದರು. ಬರೆದಿದ್ದೇನೆ. ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಕೇಳುತ್ತಿದ್ದಾರೆ: “ಅಲ್ವೇ ಗ್ಲಾಶಾ, ನಾನು ಹಾಕಿದ್ದು ಒಂದೇ ಎಲೆ. ತಟ್ಟೆ ತೊಳೆಯೋವಾಗ ಎರಡಿತ್ತಲ್ಲ?” ನಾನು ತಲೆ ತಗ್ಗಿಸಿಕೊಂಡು ಬರೆಯುತ್ತಲೇ ಇದ್ದೇನೆ.