ಅಕ್ಕ ಹೊಲಿದ ಮೆತ್ತೆ

ಮಾರ್ಚ್ 4, ಸೋಮವಾರ

ಹೊಲಿಗೆ ಅಂಗಡಿಯಲ್ಲಿ ಎರಡು ಶರ್ಟ್, ಒಂದು ಕೋಟಿನ ಬಟ್ಟೆ ಕತ್ತರಿಸಿದೆ. ಎಡಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಆಪರೇಷನ್ ಆಗಿ, ಎಡ ಸ್ತನ ತೆಗೆದು, ಇಂದಿಗೆ ಎಪ್ಪತ್ತು ದಿನ.

ಮಧ್ಯಾಹ್ನ ಅಕ್ಕ ಒಂದು ಪೊಟ್ಟಣ ತಂದಿಟ್ಟಳು. ಬಿಚ್ಚಿದರೆ ಎದೆಯಾಕಾರದ ಪುಟ್ಟ ಮೆತ್ತೆ. ಸ್ಪಂಜಿನ ಮೇಲೆ ಹತ್ತಿಬಟ್ಟೆ, ಅವಳದೇ ಕೈಹೊಲಿಗೆ, ಇರುವೆ ಸಾಲಿನ ಹಾಗೆ ಅಚ್ಚುಕಟ್ಟು.

"ಅಂಗಿ ಒಳಗಿಟ್ಕೊ. ಗಿರಾಕಿಗಳು ನೋಡ್ತಾರೆ."

"ನೋಡ್ಲಿ. ನೋಡಿದ್ರೆ ಸವೆದು ಹೋಗ್ತೀನಾ?"

"ಹಾಗಾದ್ರೆ ಹಿಂದಿನ ಕೋಣೇಲಿ ಕೂತು ಗುಂಡಿ ಹಾಕು."

ಅಂಗಡಿ ಅವಳದು. ಇಪ್ಪತ್ತೆರಡು ವರ್ಷದಿಂದ ಅಳತೆ ತೆಗೆಯುವವಳು ನಾನು. ಈಗ ಗುಂಡಿ ಹಾಕಬೇಕಂತೆ.

ಮಾರ್ಚ್ 5

ಇಟ್ಟುಕೊಂಡು ನೋಡಿದೆ. ಬಲಗಡೆಗಿಂತ ತುಸು ದೊಡ್ಡದು. ಆದರೂ ಸುಳ್ಳು ಯಾಕೆ — ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡೆ. ಅದಕ್ಕೇ ಸಿಟ್ಟು ಬಂತು. ಸ್ಪಂಜು ಒಳ್ಳೆಯ ವಸ್ತು, ಪಾತ್ರೆ ಉಜ್ಜಲಿ. ನಾನಾಗುವ ಉಸಾಬರಿ ಅದಕ್ಕೇಕೆ?

ದೇಹ ಎಂದರೆ ಇಷ್ಟು ಉಬ್ಬು, ಇಷ್ಟು ತಗ್ಗು ಎಂದು ಅಳತೆ ಕೊಟ್ಟವರು ಯಾರು? ಎರಡು ಭುಜ ಸರಿಸಮ ಇರುವ ಒಬ್ಬ ಮನುಷ್ಯನನ್ನೂ ಇದುವರೆಗೆ ಕಂಡಿಲ್ಲ. ಪ್ರಕೃತಿಯ ಕೈಯಲ್ಲಿ ಟೇಪು ಇಲ್ಲ... ಗಾಯವನ್ನು ನನ್ನ ಚರ್ಮ ತಾನೇ ಕೂಡಿಸಿಕೊಂಡಿತು, ಯಾರನ್ನೂ ಕೇಳದೆ. ಅದರ ಪರವಾಗಿ ನಾನು ನಿಲ್ಲದೆ ಇನ್ಯಾರು ನಿಲ್ಲಬೇಕು?

ಮಾರ್ಚ್ 9

ಮೆತ್ತೆ ಇಟ್ಟುಕೊಳ್ಳಲಿಲ್ಲ; ಹಿಂದಿನ ಕೋಣೆಯಲ್ಲಿ ಮೂರು ದಿನ ಗುಂಡಿ. ಇಂದು ಸಾಕೆನಿಸಿತು. ಮೆತ್ತೆ ಹಿಡಿದು ಮುಂದಿನ ಮೇಜಿಗೇ ಬಂದೆ.

"ಇನ್ಮೇಲೆ ಆ ಕೋಣೆಗೆ ಹೋಗಲ್ಲ. ಇದನ್ನೂ ಇಟ್ಕೊಳಲ್ಲ. ಅಷ್ಟಕ್ಕೂ ಇದು ಯಾರ ಅಳತೆ?"

ಅಕ್ಕ ಕತ್ತರಿ ಕೆಳಗಿಟ್ಟಳು. ಗಾಜಿನ ಹಿಂದೆ ಕೋಟು ತೊಟ್ಟು ನಿಂತ ಗೊಂಬೆಯತ್ತ ನೋಡಿದಳು.

"ಅದರದ್ದು. ನಿನ್ನ ಮುಟ್ಟೋಕೆ ಧೈರ್ಯ ಬರ್ಲಿಲ್ಲ ಕಣೆ."

ಗಿರಾಕಿಗಳ ಮಾತು ಬರೀ ನೆಪ. ಹೆದರಿದ್ದು ಇವಳು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು. ಚಿಕ್ಕವಳಿದ್ದಾಗ ನನಗೆ ಸ್ನಾನ ಮಾಡಿಸಿದ ಕೈ ಅದು.

ಮಾರ್ಚ್ 10, ಭಾನುವಾರ, ಬೆಳಿಗ್ಗೆ 10

ಅಂಗಡಿಗೆ ರಜೆ. ಅಕ್ಕನನ್ನು ಎಳೆದುಕೊಂಡೇ ಬಂದೆ. ಬಾಗಿಲು ಹಾಕಿ, ಅಂಗಿ ಕಳಚಿ, ಟೇಪು ಅವಳ ಕೈಗೆ ಕೊಟ್ಟೆ. ನನಗೊಂದು ಹೊಸ ಅಂಗಿ ಬೇಕು, ನನ್ನ ಅಳತೆಗೆ. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಕಣ್ಮುಚ್ಕೊಂಡು ಅಳತೆ ತೆಗೆಯೋ ದರ್ಜೀನ ನಾನೆಲ್ಲೂ ನೋಡಿಲ್ಲ."

ನಕ್ಕುಬಿಟ್ಟಳು. ಕಣ್ಣು ಬಿಟ್ಟಳು. ನೋಡಿದಳು.

ಅಕ್ಕನ ಕೈ ತಣ್ಣಗಿದೆ. ಅವಳು ಅಳತೆ ಹೇಳುತ್ತಿದ್ದಾಳೆ, ನಾನು ಈ ಡೈರಿಯಲ್ಲೇ ಬರೆದುಕೊಳ್ಳುತ್ತಿದ್ದೇನೆ.

ಭುಜದಿಂದ ಸೊಂಟಕ್ಕೆ, ಬಲಗಡೆ — ಹದಿನಾರೂವರೆ.

ಎಡಗಡೆ —